ಗಿರಾಕಿಗೆ ಕಾಣುವ ಹೆಸರು

ಗಂಡನಾದವನಿಗೆ ಮನೆಯಲ್ಲಂತೂ ಬಾಯಿಬಿಡಲು ಜಾಗವಿಲ್ಲ, ನದಿಯ ಮೇಲಾದರೂ ಬೇಡವೇ? ಕ್ಲೆಮ್ ನಾಯ್ಲರನ ಅಹವಾಲು ಇಷ್ಟೇ. ಅವನೂ ಹೆಂಡತಿ ಡೆಲ್ಸಿಯೂ ಮರ್ರೆ ನದಿಯ ದಡದಲ್ಲಿ ದೋಣಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಯಿತು. ಸಣ್ಣ ದೋಣಿಗಳನ್ನು ಜನ ತಾವೇ ಹುಟ್ಟು ಹಾಕಿಕೊಂಡು ಹೋಗುತ್ತಾರೆ. ಹನ್ನೆರಡು ಜನ ಕೂರುವ ದೊಡ್ಡ ದೋಣಿಯನ್ನು ಮಾತ್ರ ಕ್ಲೆಮ್ಮನೇ ನಡೆಸುತ್ತ, ದಾರಿಯುದ್ದಕ್ಕೂ ನದಿಯ ಇತಿಹಾಸ ಹೇಳುತ್ತಾನೆ. ಹೇಳುತ್ತಿದ್ದ, ಅನ್ನಬೇಕು. ಕ್ರಿಸ್ಮಸ್ ಕಳೆದ ಮೇಲೆ ಅದನ್ನು ಒಬ್ಬನೇ ಒಬ್ಬನೂ ಹತ್ತಿರಲಿಲ್ಲ.

"ಈಸ್ಟರ್ ತನಕ ನೋಡ್ತೀನಿ," ಎಂದಳು ಡೆಲ್ಸಿ. "ಅಷ್ಟರಲ್ಲಿ ಒಂದ್ಸಲನಾದ್ರೂ ತುಂಬಲಿಲ್ಲ ಅಂದ್ರೆ ನಮ್ಮಣ್ಣ ವಾರಿಕ್‌ಗೆ ಮಾರಿಬಿಡೋಣ. ಅವನು ಅದರಲ್ಲಿ ಕುರಿ ದಾಟಿಸ್ತಾನಂತೆ."

"ಕುರಿನಾ? ನನ್ನ ದೋಣೀಲಿ?"

"ನಿನ್ನ ಭಾಷಣ ಕೇಳೋಕೆ ಅವಾದ್ರೂ ಸಿಗ್ತವೆ ಬಿಡು ಮಾರಾಯ."

ಆ ದೋಣಿಯ ಬೆಂಚುಗಳನ್ನು ಕ್ಲೆಮ್ಮನೇ ಕೈಯಾರೆ ಮಾಡಿದ್ದ. ತಪ್ಪು ದೋಣಿಯದಲ್ಲ, ಭಾಷಣದ್ದು ಅಲ್ಲವೇ ಅಲ್ಲ (ಈ ವಿಷಯದಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ). ತಪ್ಪೆಲ್ಲ ಹೆಸರಿನದೇ ಎಂದು ತೀರ್ಪು ಕೊಟ್ಟು ಬುಕಿಂಗ್ ಕಂಪ್ಯೂಟರಿನ ಮುಂದೆ ಕುಳಿತ.

ಅದರಲ್ಲಿ ಒಂದೊಂದು ದೋಣಿಗೂ ಎರಡು ಹೆಸರು: ಅಂಗಡಿಯವರ ಗುರುತಿಗೊಂದು, ಗಿರಾಕಿಗೆ ಕಾಣುವುದೊಂದು. ಗಿರಾಕಿಯ ಸಾಲಿನಲ್ಲಿ ಬರೀ 'ಕೆಂಪು ದೋಣಿ', 'ಹಳದಿ ದೋಣಿ', 'ದೊಡ್ಡ ದೋಣಿ'. ಥೂ, ಇದಕ್ಕೆ ಯಾರು ಬರುತ್ತಾರೆ! ಇಡೀ ಬೆಳಿಗ್ಗೆ ತಲೆ ಕೆರೆದುಕೊಂಡು ಕೆಂಪನ್ನು 'ಜಲಸಮ್ರಾಟ' ಮಾಡಿದ, ಹಳದಿಯನ್ನು 'ಸುವರ್ಣತರಂಗಿಣಿ'. ದೊಡ್ಡದು 'ಕ್ಯಾಪ್ಟನ್ ನಾಯ್ಲರ್ ಅವರ ಐತಿಹಾಸಿಕ ಮಹಾನೌಕಾಯಾನ' ಆಯಿತು. ಅಂಗಡಿಯವರ ಸಾಲಿನಲ್ಲಿ ಡೆಲ್ಸಿ ತನ್ನ ನೆನಪಿಗೆಂದು ಏನೇನೋ ಗೀಚಿಕೊಂಡಿದ್ದಳು. ಅದನ್ನು ಓದುವ ವ್ಯವಧಾನ ಯಾರಿಗಿದೆ? ಕೆಳಗೆ 'ಎರಡು ಕಡೆಗೂ ಒಂದೇ ಹೆಸರು' ಎಂಬ ಚೌಕ ಕಂಡಿತು. ಅವಳ ಗೀಚಾಟವೂ ಅಳಿಸಿಹೋಗಲಿ ಎಂದು ಟಿಕ್ ಹಾಕಿ, ಟೀ ಕುಡಿಯಲು ಹೋದ.

ಮಾರನೆಯ ದಿನದಿಂದ ಬುಕಿಂಗ್ ಬಂದದ್ದೇ ಬಂದದ್ದು! ಕ್ಲೆಮ್ಮನ ಫೋನಿಗೆ ದೋಣಿಯ ನಂಬರು, ತಲೆ ಲೆಕ್ಕ ಅಷ್ಟೇ ಬರುತ್ತಿತ್ತು. ನಾಲ್ಕೇ ದಿನದಲ್ಲಿ ಮಹಾನೌಕಾಯಾನ ಈಸ್ಟರ್ ಶನಿವಾರಕ್ಕೆ ಭರ್ತಿ.

"ನೋಡಿದ್ಯಾ ಸಾಹಿತ್ಯದ ಶಕ್ತಿ!"

ಡೆಲ್ಸಿ ಕಂಪ್ಯೂಟರು ನೋಡಿದಳು, ಗಂಡನ ಮುಖ ನೋಡಿದಳು. "ಹೂಂ, ಬರೆದೋರು ಚೆನ್ನಾಗೇ ಬರೆದಿದಾರೆ," ಎಂದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹೆಂಡತಿ ಒಪ್ಪಿದಾಗ ಗಂಡನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಯಾರೋ ಹೆಂಗಸು ಫೋನ್ ಮಾಡಿ, "ಎಡಕ್ಕೇ ಎಳೆಯೋ ಆ ಕೆಂಪು ದೋಣಿ ನಮಗೇ ಇರಲಿ, ನಮ್ಮನೆಯವರಿಗೆ ಬುದ್ಧಿ ಕಲಿಸಬೇಕು," ಎಂದಾಗಲೂ ಪಾಪ, ಬಿಸಿಲಿನ ಪ್ರಭಾವ ಎಂದುಕೊಂಡ.

ಶನಿವಾರ ಟೋಪಿ ತೊಟ್ಟು ನಿಂತ. ಹನ್ನೆರಡು ಜನ ಬಂದರು. ಎಲ್ಲರ ಕೈಯಲ್ಲೂ ಬಿಸ್ಕತ್ತಿನ ಡಬ್ಬಿ! ಹಬ್ಬವಲ್ಲವೇ ಎಂದುಕೊಂಡು ದೋಣಿ ಬಿಟ್ಟ.

"ಮಾನ್ಯರೇ, ಸಾವಿರದ ಎಂಟುನೂರ..."

"ತಗೊಳ್ಳಪ್ಪ, ನಾನೇ ಮಾಡಿದ್ದು," ಎಂದು ಮುಂದಿನ ಬೆಂಚಿನ ಮುದುಕಿ ಓಟ್ಸ್ ಬಿಸ್ಕತ್ತು ಚಾಚಿದಳು. ತಿಂದ. ಬಾಯಿ ಖಾಲಿಯಾಯಿತು.

"ಸಾವಿರದ ಎಂಟು..."

ಹಿಂದಿನ ಬೆಂಚಿನಿಂದ ಇನ್ನೊಂದು ಬಂತು. ಯಾರೋ ಗಡಿಯಾರ ನೋಡಿ ಕೂಗಿದರು: "ಸರಿಯಾಗಿ ಐದು ನಿಮಿಷ! ಬರೆದ ಹಾಗೇ ಇದಾನೆ!"

"ಎಲ್ಲಿ ಬರೆದಿದೆ?"

ಮುದುಕಿ ಫೋನು ತೋರಿಸಿದಳು. ಎರಡು ಕಡೆಗೂ ಒಂದೇ ಹೆಸರೆಂದು ಅವನು ಹಾಕಿದ ಟಿಕ್ಕು ಅಳಿಸಿದ್ದು ಅವನ ಸಾಹಿತ್ಯವನ್ನೇ. ಗಿರಾಕಿಗಳಿಗೆ ಕಾಣುತ್ತಿದ್ದದ್ದು ಡೆಲ್ಸಿಯ ಗೀಚು: 'ಕ್ಲೆಮ್ಮನ ದೊಡ್ಡ ದೋಣಿ. ದೋಣಿ ಗಟ್ಟಿ. ಮನುಷ್ಯ ಬಂಗಾರ. ಬಾಯಿ ಮುಚ್ಚಲ್ಲ. ಬಿಸ್ಕತ್ತು ಕೊಟ್ಟರೆ ಐದು ನಿಮಿಷ ಸುಮ್ಮನಿರ್ತಾನೆ.'

'ಮನುಷ್ಯ ಬಂಗಾರ' ಓದಿ ಅವನ ಕಣ್ಣು ಒದ್ದೆಯಾಯಿತು. ಮುಂದಿನದನ್ನು ಓದಿ ಕಿವಿ ಕೆಂಪಾಯಿತು.

ದಡ ಸೇರಿದವನೇ ಹಾರಾಡಿದ. "ಆ ಹೆಸರು ಈಗಿಂದೀಗ್ಲೇ ತೆಗಿ!"

"ತೆಗೀತೀನಪ್ಪ. ಮೇ ಕೊನೆ ತನಕ ಭರ್ತಿಯಾಗಿದೆ, ಎಲ್ರಿಗೂ ಬರಬೇಡಿ ಅಂತೀನಿ. ವಾರಿಕ್‌ಗೆ ಫೋನ್ ಹಚ್ಚಲಾ?"

ಕ್ಲೆಮ್ ಬಾಯಿ ತೆರೆದ. ಡೆಲ್ಸಿ ಅದರೊಳಗೆ ಮೆಲ್ಲಗೆ ಒಂದು ಬಿಸ್ಕತ್ತು ಇಟ್ಟಳು. ಕುರಿಗಳಾಗಿದ್ದರೆ ಪೂರ್ತಿ ಕೇಳುತ್ತಿದ್ದವು ಎಂದುಕೊಳ್ಳುತ್ತ, ಕ್ಯಾಪ್ಟನ್ ನಾಯ್ಲರ್ ಅವರು ಐದು ನಿಮಿಷ ಸುಮ್ಮನೆ ಅಗಿದರು.