ನಮ್ಮೂರ ವಾರ್ತೆಗಳು, ಓದುತ್ತಿರುವವರು ನಾಲ್ಕನೇ ತರಗತಿ

ದಸರಾ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ದಿನವೇ ನಾನೊಂದು ಶೈಕ್ಷಣಿಕ ಕ್ರಾಂತಿ ಮಾಡಲು ನಿರ್ಧರಿಸಿದೆ. ಕ್ರಾಂತಿಕಾರಿಗಳಿಗೆ ಸಾಮಾನ್ಯವಾಗಿ ಮನೆಯವರ ಬೆಂಬಲ ಇರುವುದಿಲ್ಲ. ನನಗೂ ಇರಲಿಲ್ಲ.

ನಾನು ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಬೆಳಿಗ್ಗೆ ಹರಿಹರಕ್ಕೊಂದು ಬಸ್ಸು, ಅಲ್ಲಿಂದ ಕಡರನಾಯಕನಹಳ್ಳಿ ಕಡೆಗೆ ಇನ್ನೊಂದು ಬಸ್ಸು. ನಮ್ಮ ಹಳ್ಳಿಯ ಹೆಸರನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ನಾಳೆಯೂ ನಾನು ಅಲ್ಲೇ ಬಸ್ಸಿಳಿಯಬೇಕು!

ನಮ್ಮಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಒಂದು ಮಗು ಮೈಕಿನ ಮುಂದೆ ನಿಂತು ಪೇಪರಿನ ಸುದ್ದಿ ಓದುವ ಪದ್ಧತಿ. 'ಶೇರುಪೇಟೆಯಲ್ಲಿ ತಲ್ಲಣ' ಎಂದು ಮಗು ಓದುತ್ತದೆ. ತಲ್ಲಣಗೊಂಡಿರುವುದು ಆ ಮಗು ಮಾತ್ರ. ಉಳಿದವರು ಪೇರಲ ಮರದ ಕಾಗೆ ನೋಡುತ್ತಿರುತ್ತಾರೆ. ಹೆಡ್‌ಮಾಸ್ಟರ್ ಹಾಲಪ್ಪನವರು ಕಣ್ಣು ಮುಚ್ಚಿ ನಿಂತಿರುತ್ತಾರೆ. ಇದರಿಂದ ಕಲಿಕೆ ಹೇಗಾದೀತು? ಮಕ್ಕಳು ತಮ್ಮ ಮನೆ, ತಮ್ಮ ಹೊಲದ ಸುದ್ದಿಯನ್ನೇ ತರಲಿ. ಶರದೃತು ಎಂದರೆ ಏನು ಎಂದು ಪುಸ್ತಕದಲ್ಲಿ ಓದುವ ಬದಲು, ಮೆಕ್ಕೆಜೋಳ ಮುರಿದದ್ದು, ಚೆಂಡು ಹೂ ಅರಳಿದ್ದು ಹೇಳಲಿ. 'ನಮ್ಮೂರ ವಾರ್ತೆಗಳು' ಎಂದು ಹೆಸರೂ ಇಟ್ಟೆ.

ಇದೆಲ್ಲದರ ಹಿಂದೆ ನನ್ನದೊಂದು ಗುಟ್ಟಿನ ಗುರಿ ಇತ್ತು. ಅದರ ಹೆಸರು ಕಾವ್ಯಾ.

ಕಾವ್ಯಾ ಜೂನ್‌ನಲ್ಲಿ ಹದಡಿ ಕಡೆಯಿಂದ ಬಂದು ನನ್ನ ನಾಲ್ಕನೇ ತರಗತಿಗೆ ಸೇರಿದ ಹುಡುಗಿ. ಬರೆಯುತ್ತಾಳೆ, ಲೆಕ್ಕ ಮಾಡುತ್ತಾಳೆ, ತಲೆ ಆಡಿಸುತ್ತಾಳೆ. ಬಾಯಿ ಮಾತ್ರ ಬಿಡುವುದಿಲ್ಲ. ಕಥೆ ಹೇಳಿದೆ, ಚಾಕೊಲೇಟ್ ಕೊಟ್ಟೆ, ಹಾಡಿದೆ. ನಾನು ಹಾಡಿದಾಗ ಉಳಿದ ಮಕ್ಕಳೂ ಮಾತು ನಿಲ್ಲಿಸಿದರು, ಅಷ್ಟೇ. ಅವಳ ತಾಯಿ ಮಂಜುಳಾ ಒಂದು ದಿನ ಶಾಲೆಯ ಗೇಟಿನಲ್ಲಿ ನಿಂತು ಅತ್ತಳು.

"ಮನ್ಯಾಗೆ ಬಾಯಿ ಮುಚ್ಚಲ್ರಿ ಮೇಡಂ. ಸಾಲ್ಯಾಗೆ ಯಾಕ ಹಿಂಗೆ? ಓಣ್ಯಾಗೆ ಎಲ್ರೂ ಮೂಗಿ ಅನ್ನಾಕ ಹತ್ಯಾರೆ."

"ದೀಪಾವಳಿಯೊಳಗೆ ನಿನ್ನ ಮಗಳನ್ನ ಊರೇ ಕೇಳೋ ಹಾಗೆ ಮಾತಾಡಿಸ್ತೀನಿ" ಎಂದು ಮಾತು ಕೊಟ್ಟೆ. ಕೊಟ್ಟ ಮಾತು ಅಕ್ಷರಶಃ ನಡೆಯಿತು ಎಂಬುದೇ ಈ ಕಥೆಯ ದುರಂತ.

ನಮ್ಮ ಯಜಮಾನರದು ಬಟ್ಟೆ ಅಂಗಡಿ. ನನ್ನ ಯೋಜನೆ ಕೇಳಿ ತಟ್ಟೆಯಿಂದ ತಲೆ ಎತ್ತಿದರು.

"ಅಲ್ಲ ಸುಮಾ, ಮನಿ ಸುದ್ದಿ ಹೇಳ್ರಿ ಅಂತ ಮಕ್ಳ ಕೈಗೆ ಮೈಕ್ ಕೊಡ್ತೀಯಾ?"

"ಅದು ಮನೆ ಸುದ್ದಿ ಅಲ್ರೀ, ಅನುಭವಾಧಾರಿತ ಕಲಿಕೆ!"

"ಹೆಸ್ರು ಏನಾರ ಇಟ್ಕ. ನಮ್ಮ ಅಂಗಡ್ಯಾಗೆ ಹೆಂಗಸ್ರು ಸೀರಿ ಮೇಲೆ ಸೀರಿ ಬಿಚ್ಚಿಸ್ತಾರೆ. ಜೊತಿಗೆ ಬಂದ ಮಗು, 'ನಮ್ಮವ್ವ ತಗಳಲ್ಲ, ಸುಮ್ನೆ ನೋಡಾಕ ಬಂದಾಳೆ' ಅಂತ ಮೊದ್ಲೇ ಹೇಳ್ಬಿಡ್ತೈತೆ. ಬ್ಯಾಡ, ಹೇಳಿರ್ತೀನಿ."

ಸೀರೆ ಮಾರುವವರಿಗೆ ಶಿಕ್ಷಣಶಾಸ್ತ್ರ ಹೇಗೆ ತಿಳಿಯಬೇಕು? ನಾನು ಬಸ್ ಹತ್ತಿದೆ.

ಮೊದಲ ದಿನ ವಿಜಯೋತ್ಸವ. 'ನಮ್ಮ ಹೊಲದಾಗೆ ಮೆಕ್ಕೆಜೋಳ ಮುರಿದೀವಿ', 'ನಮ್ಮ ಎಮ್ಮಿ ಕರ ಹಾಕೈತೆ' ಎಂದು ಮಕ್ಕಳು ನುಗ್ಗಿ ನುಗ್ಗಿ ಹೇಳಿದರು. ಹಾಲಪ್ಪನವರು ಕಣ್ಣು ತೆರೆದರು. ಶಿಕ್ಷಣ ಇಲಾಖೆಯೇ ಬಂದು ನನಗೆ ಶಾಲು ಹೊದಿಸುವ ದೃಶ್ಯ ನನ್ನ ಕಣ್ಣ ಮುಂದೆ ಬಂತು.

ಆದರೆ ಒಂದು ವಿಷಯ ನಾನು ಮರೆತಿದ್ದೆ. ಮೈಕಿನ ಹಾರ್ನ್ ಶಾಲೆಯ ಮಾಳಿಗೆಯ ಮೇಲೆ, ಊರಿನ ಕಡೆಗೇ ಮುಖ ಮಾಡಿ ಕಟ್ಟಿತ್ತು. ಶೇರುಪೇಟೆಯ ತಲ್ಲಣವನ್ನು ಊರಿನವರು ಇಷ್ಟು ವರ್ಷ ಕೇಳಿಯೂ ಕೇಳದಂತೆ ಇದ್ದರು. ಈಗ ಹಾಗಲ್ಲ. ನಲ್ಲಿಯ ಹತ್ತಿರ ಕೊಡಗಳು ತುಂಬಿ ಹರಿದರೂ ಹೆಂಗಸರು ಕದಲುತ್ತಿರಲಿಲ್ಲ!

ಆ ವಾರ ಶೀಗಿ ಹುಣ್ಣಿಮೆ ಬಂತು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಭೂತಾಯಿಗೆಂದು ಎಡೆಯ ಅನ್ನವನ್ನು ಹೊಲದ ತುಂಬ ಚರಗ ಚೆಲ್ಲಿ, ಅಕ್ಕಪಕ್ಕದವರೊಂದಿಗೆ ಹಂಚಿಕೊಂಡು ಉಣ್ಣುವ ಹಬ್ಬ. ಮರುದಿನ ಮೂರನೇ ತರಗತಿಯ ಪಲ್ಲವಿ ಮೈಕ್ ಹಿಡಿದಳು.

"ನಿನ್ನೆ ನಾವು ಹೊಲಕ್ಕೆ ಹೋಗಿದ್ವಿ. ನಮ್ಮವ್ವ ಎಣ್ಣಿ ಹೋಳಿಗಿ ಮಾಡಿದ್ಳು. ಬಾಜು ಮನಿ ಗೌರಕ್ಕ ಕಡುಬು ಕೊಟ್ಟಿದ್ಳು. ಅದನ್ನ ಎಮ್ಮಿಗೆ ಹಾಕಿದ್ವಿ. ಎಮ್ಮೀನೂ ತಿನ್ಲಿಲ್ಲ."

ಪ್ರಾರ್ಥನೆಯ ಸಾಲು ಚದುರುವ ಮೊದಲೇ ಗೌರಕ್ಕ ಗೇಟಿನಲ್ಲಿದ್ದಳು. ಬರಿಗೈಯಲ್ಲಿ ಬಂದಿರಲಿಲ್ಲ. ಉಳಿದ ಕಡುಬಿನ ಡಬ್ಬಿ ತಂದಿದ್ದಳು.

"ನೀವೇ ತಿಂದು ಹೇಳ್ರಿ ಮೇಡಂ! ಇದು ಎಮ್ಮಿ ತಿನ್ನದ ಕಡುಬೇನ್ರಿ?"

ತಿಂದೆ. ಎಮ್ಮೆಯ ಅಭಿಪ್ರಾಯದಲ್ಲಿ ಹುರುಳಿತ್ತು. ಆದರೆ ಶಿಕ್ಷಕಿಯಾದವಳು ಸಮಾಜದ ಶಾಂತಿಯನ್ನು ಕಾಪಾಡಬೇಕು. "ಅಮೃತ ಇದ್ದಂಗೈತೆ" ಎಂದೆ. ಸಂತೋಷಗೊಂಡ ಗೌರಕ್ಕ ಡಬ್ಬಿಯನ್ನು ಪೂರ್ತಿ ನನಗೇ ಬಿಟ್ಟು ಹೋದಳು.

"ಮೇಡಂ, ನನ್ ರಿಟೈರ್‌ಮೆಂಟ್ ಹತ್ರ ಐತೆ. ಶೇರುಪೇಟೆನೇ ಚಲೋ ಇತ್ತಲ್ರೀ" ಎಂದು ಹಾಲಪ್ಪನವರು ಗೋಗರೆದರು. ನಾನು ಧೈರ್ಯ ಹೇಳಿದೆ. ಇನ್ನು ಮುಂದೆ ಪ್ರತಿ ಸುದ್ದಿಯನ್ನೂ ಮೊದಲು ನಾನೇ ಕೇಳಿ, ತಿದ್ದಿ, ಒಪ್ಪಿಗೆ ಕೊಟ್ಟ ಮೇಲೆಯೇ ಪ್ರಸಾರ!

ಮೊದಲ ಒಪ್ಪಿಗೆ ಸಿಕ್ಕಿದ್ದು ಐದನೇ ತರಗತಿಯ ಚೇತನನಿಗೆ. ಅವನು ಶಾಲಾ ಸಮಿತಿಯ ಅಧ್ಯಕ್ಷ ರುದ್ರಪ್ಪನವರ ಮೊಮ್ಮಗ. ಆ ಹಾರ್ನ್ ಕೊಡಿಸಿದ ದಾನಿಯೂ ರುದ್ರಪ್ಪನವರೇ. ಬಿಳಿ ಪಂಚೆ, ಬಿಳಿ ಮೀಸೆ, ಮೀಸೆಯ ಕೆಳಗೆ ಮುತ್ತು ಪೋಣಿಸಿದಂಥ ಹಲ್ಲು. ಈ ವಯಸ್ಸಿನಲ್ಲೂ ಎಂಥ ಹಲ್ಲು ಎಂದು ಊರೇ ಹೊಗಳುತ್ತಿತ್ತು.

"ನಮ್ಮ ಕಣದಲ್ಲಿ ಮೆಕ್ಕೆಜೋಳವನ್ನು ಒಣಗಿಸಿದ್ದೇವೆ. ರಾಶಿಯು ದೊಡ್ಡದಾಗಿದೆ" ಎಂದು ಚೇತನ ನಾನು ತಿದ್ದಿದಂತೆಯೇ ಅಚ್ಚುಕಟ್ಟಾಗಿ ಹೇಳಿ ಮುಗಿಸಿದ. ಅಲ್ಲಿಗೆ ಬಿಡಬೇಕಿತ್ತು. ಆದರೆ ನನ್ನೊಳಗಿನ ಶಿಕ್ಷಕಿ ಬಿಡಬೇಕಲ್ಲ! ಮಗುವಿನ ಗಮನಿಸುವ ಶಕ್ತಿಯನ್ನು ಬೆಳೆಸಬೇಕು.

"ಇನ್ನೂ ಹೇಳು ಪುಟ್ಟಾ, ರಾಶಿಯೊಳಗೆ ಏನೇನಿದೆ?"

"ನಮ್ಮಜ್ಜನ ಹಲ್ಲಿನ ಸೆಟ್ ಐತ್ರಿ! ಮೊನ್ನೆ ಸೀನುವಾಗ ಬಿದ್ದೈತೆ. ಜೋಳ ಯಾವ್ದು, ಹಲ್ಲು ಯಾವ್ದು ಗೊತ್ತಾಗವಲ್ದು. ಯಾರಿಗೂ ಹೇಳಬ್ಯಾಡ್ರಿ ಅಂದಾನೆ."

ನಲ್ಲಿಯ ಕಡೆಯಿಂದ ಎದ್ದ ನಗು ಶಾಲೆಯವರೆಗೂ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಊರಿನ ಹುಡುಗರೆಲ್ಲ ಜನಸೇವೆಯ ಉತ್ಸಾಹದಿಂದ ರುದ್ರಪ್ಪನವರ ಕಣಕ್ಕೆ ಇಳಿದು ಹಲ್ಲು ಹುಡುಕುತ್ತಿದ್ದರಂತೆ.

ರುದ್ರಪ್ಪನವರು ಶಾಲೆಗೆ ಬಂದರು. ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು. ಟವೆಲ್ ಒಳಗಿಂದಲೇ ಆಜ್ಞೆ ಹೊರಬಿತ್ತು.

"ಹಾರ್ನ್ ಇಳಸ್ರಿ."

ಮರುದಿನ ಕಾವ್ಯಾಳ ಸರದಿ! ನಾಲ್ಕು ದಿನದಿಂದ ಅವಳು ಮೈಕನ್ನೇ ನೋಡುತ್ತಿದ್ದಳು. ನಾಳೆ ಹೇಳುತ್ತೀಯಾ ಎಂದರೆ ಜೋರಾಗಿ ತಲೆ ಆಡಿಸಿದ್ದಳು. ಈಗ ಮೈಕ್ ಹೋದರೆ ಆ ಬಾಯಿ ಮತ್ತೆ ಯಾವಾಗ ತೆರೆದೀತು? ಮಂಜುಳಾಗೆ ಏನು ಹೇಳಲಿ?

"ಅಧ್ಯಕ್ಷರೆ, ನಾಳೆ ಒಂದು ದಿನ ಬಿಡ್ರಿ. ಕಾವ್ಯಾ ಮಾತಾಡಿದ ಮೇಲೆ ನಾನೇ ಏಣಿ ಹತ್ತಿ ಇಳಿಸ್ತೀನಿ" ಎಂದು ಕೈ ಮುಗಿದೆ. ನಿಜವಾಗಿ ಕಣ್ಣಲ್ಲಿ ನೀರು ಬಂದಿತ್ತು. ಅವರು ಟವೆಲ್ ಸಮೇತ ತಲೆ ಆಡಿಸಿದರು.

ಮರುದಿನ ಬೆಳಿಗ್ಗೆ ಕಾಂಪೌಂಡಿನ ಹೊರಗೆ ಅರ್ಧ ಊರು ನಿಂತಿತ್ತು. ಮೂಗಿ ಮಾತಾಡುತ್ತಾಳಂತೆ ಎಂದು ಸುದ್ದಿ ಹಬ್ಬಿತ್ತು. ಮಂಜುಳಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ರುದ್ರಪ್ಪನವರು ಏಣಿಯನ್ನು ಜೊತೆಗೇ ತಂದಿದ್ದರು.

ಕಾವ್ಯಾ ಮೈಕಿನ ಮುಂದೆ ಬಂದಳು. ನನ್ನನ್ನೊಮ್ಮೆ ನೋಡಿದಳು. ಬಾಯಿ ತೆರೆದಳು.

"ಎಲ್ಲರಿಗೂ ನಮಸ್ಕಾರ. ನಮ್ಮೂರ ವಾರ್ತೆಗಳು. ಚಳಿ ಬೀಳಾಕ ಹತ್ತೈತೆ. ನಮ್ಮ ಹಿತ್ಲಾಗೆ ಚೆಂಡು ಹೂ ಅರಳ್ಯಾವೆ."

ಗಂಟೆಯಂಥ ದನಿ! ಒಂದು ತಡವರಿಕೆ ಇಲ್ಲ! ಮಂಜುಳಾ ಅಳತೊಡಗಿದಳು. ನಾನೂ ಅತ್ತೆ. ಹಾಲಪ್ಪನವರು ಮೂಗು ಒರೆಸಿಕೊಂಡರು. ಗೆದ್ದೆ ಎಂಬ ಹೆಮ್ಮೆಯಿಂದ ಅಧ್ಯಕ್ಷರ ಕಡೆ ನೋಡಿ, ಜಗತ್ತಿನ ಯಾವ ಬುದ್ಧಿವಂತೆಯೂ ಎರಡನೇ ಸಲ ಮಾಡದ ತಪ್ಪನ್ನು ಮಾಡಿದೆ.

"ಇನ್ನೂ ಹೇಳು ಪುಟ್ಟಾ! ಶಾಲೆಯಲ್ಲಿ ಏನೇನು ನೋಡಿದ್ದೀಯಾ?"

"ಬಿಸಿಯೂಟ ಆದ್ಮೇಲೆ ನಮ್ಮ ಮಿಸ್ಸು ಮನಸ್ಸಿನಾಗೆ ಓದ್ಕಳ್ರಿ ಅಂತಾರೆ. ಆಮೇಲೆ ಕುರ್ಚ್ಯಾಗೆ ನಿದ್ದಿ ಮಾಡ್ತಾರೆ. ಗೊರಕಿ ಹೊಡೀತಾರೆ. ನಾನು ಸಾಲಿಗೆ ಬಂದ ದಿನ, 'ನೀರು ಕುಡಿಯಾಕ ಹೋಗ್ಲಾ ಮಿಸ್' ಅಂತ ಕೇಳ್ದೆ. ಮಿಸ್ಸು ಕಣ್ಣು ಮುಚ್ಕಂಡೇ, 'ಸಾಲ್ಯಾಗೆ ಬಾಯಿ ಬಿಡಬ್ಯಾಡ' ಅಂದ್ರು. ಅದಕ್ಕೆ ನಾನು ಬಿಟ್ಟಿದ್ದಿಲ್ಲ. ಈಗ ಮಿಸ್ಸೇ ಬಿಡು ಅಂದ್ರು, ಬಿಟ್ಟೀನಿ. ಇಲ್ಲಿಗೆ ವಾರ್ತೆ ಮುಗೀತು."

ಹಾರ್ನ್ ಕುಂಯ್ ಎಂದು ಸುಮ್ಮನಾಯಿತು. ಭೂಮಿ ಬಾಯಿ ಬಿಡಬಾರದೇ ಎಂದು ನಿಂತೆ. ಬಿಡಲಿಲ್ಲ.

"ಅಯ್ಯೋ ಶಿವನೆ! ನಾನು ಊರಾಗಿರೋ ದೇವ್ರಿಗೆಲ್ಲ ಹರಕಿ ಹೊತ್ತೀನಲ್ರೀ ಮೇಡಂ!" ಎಂದಳು ಮಂಜುಳಾ, ಅಳುತ್ತಾ, ನಗುತ್ತಾ.

ಮೊದಲು ಬಿದ್ದು ಬಿದ್ದು ನಕ್ಕವರು ರುದ್ರಪ್ಪನವರು. ಟವೆಲ್ ಕೆಳಗೆ ಬಿತ್ತು. ಒಂದೂ ಹಲ್ಲಿಲ್ಲದ ಬಾಯಿ ತುಂಬಾ ನಗು. ಅದನ್ನು ನೋಡಿ ಊರು ನಕ್ಕಿತು. "ಹಾರ್ನ್ ಇರ್ಲಿ ಬಿಡ್ರಿ, ಪಾಪ" ಎಂದು ಏಣಿಯನ್ನು ವಾಪಸ್ ಹೊತ್ತುಕೊಂಡು ಹೋದರು.

ಸಂಜೆ ಯಜಮಾನರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ನಿನಗೆ ಗೊರಕಿ ಬರ್ತೈತೆ ಅಂತ ಮದುವಿ ಆದಾಗಿಂದ ಹೇಳಾಕ ಹತ್ತೀನಿ. ನೀನು ಒಪ್ಪಲೇ ಇಲ್ಲ. ಈಗ ಒಂದು ಊರೇ ಸಾಕ್ಷಿ ಐತೆ" ಎಂದು ತೃಪ್ತಿಯಿಂದ ಎರಡನೇ ರೊಟ್ಟಿ ಹಾಕಿಸಿಕೊಂಡರು.

ಈಗ ಕಾವ್ಯಾ ಮಾತು ನಿಲ್ಲಿಸುವುದೇ ಇಲ್ಲ. ಸುಮ್ಮನಿರು ಎನ್ನುವ ಧೈರ್ಯ ನನಗಿಲ್ಲ. ಮಧ್ಯಾಹ್ನ ಕಣ್ಣು ಎಳೆದರೂ ನಿಂತುಕೊಂಡೇ ಪಾಠ ಮಾಡುತ್ತೇನೆ. ಮೊದಲೆಲ್ಲ ಸಂಜೆ ಬಸ್ಸಿಗೆ ಕಾಯುವಾಗ ಊರಿನವರು "ಊಟ ಆತೇನ್ರಿ ಮೇಡಂ?" ಎಂದು ಗೌರವದಿಂದ ಕೇಳುತ್ತಿದ್ದರು. ಈಗ ಗೌರಕ್ಕನಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರದೂ ಒಂದೇ ಪ್ರಶ್ನೆ.

"ನಿದ್ದಿ ಆತೇನ್ರಿ ಮೇಡಂ?"

ಇದ್ದದ್ದು ಇದ್ದಂತೆ ಹೇಳುತ್ತೇನೆ. ಸುಳ್ಳು ಹೇಳಿದರೆ, ಬೆಳಿಗ್ಗೆ ವಾರ್ತೆ ಇದೆಯಲ್ಲ!