ಹುಳುಗಳಿಗೂ ದಾಸೋಹ

ಕಂಪ್ಯೂಟರ್ ಕಲಿಸಲು ಕೂತವನ ಸುತ್ತ ಪೇಚಿನ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಗು ಬಂದರೂ ಗಟ್ಟಿಯಾಗಿ ನಗುವ ಹಾಗಿಲ್ಲ, ಯಾಕೆಂದರೆ ಬಹಳ ಸಲ ಮೊದಲ ಪೆದ್ದ ನಾನೇ ಆಗಿರುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಸವಕಲ್ಯಾಣದ ಬಜಾರಿನಲ್ಲಿ ಒಂದು ಖೋಲಿ ಹಿಡಿದು ಕಂಪ್ಯೂಟರ್ ಕ್ಲಾಸು ಶುರು ಮಾಡಿದ್ದೆ. ಮನೆಯವರೆಲ್ಲ ಬೇಡ ಅಂದಿದ್ದ ಕೆಲಸ. ಆ ಖೋಲಿ ಹೋದರೆ ಮತ್ತೆ ಅಣ್ಣನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವುದೇ ಗತಿ. ಖೋಲಿಯ ಮಾಲಕರು ಊರಿಗೆಲ್ಲ ಕಾಕಾ, ಇಷ್ಟಲಿಂಗ ಪೂಜೆಯಾಗದೆ ನೀರು ಮುಟ್ಟದವರು. ಕೀಲಿ ಕೊಡುವಾಗ ಒಂದೇ ಮಾತು ಹೇಳಿದ್ದರು: "ಮಾಸ್ತರ, ಇಲ್ಲಿ ವಿದ್ಯಾ ನಡೀಲಿ. ತಮಾಷಾ ಸುರು ಆತಂದ್ರ ಖೋಲಿ ಖಾಲಿ ಮಾಡಸ್ತೀನಿ."

ಅಂಥ ಖೋಲಿಗೆ ಗೆಳೆಯನೊಬ್ಬ ಹೈದರಾಬಾದಿನಿಂದ ಒಂದು ಗೇಮಿನ ಸಿಡಿ ತಂದುಕೊಟ್ಟ. ಬೇರೆ ಯಾವುದೋ ಗ್ರಹ. ಅಲ್ಲಿ ಕಬ್ಬಿಣದ ಅಂಗಿ ತೊಟ್ಟ ಮನುಷ್ಯರು, ಅವರನ್ನು ತಿನ್ನಲು ಬರುವ ಆಳೆತ್ತರದ ಹುಳುಗಳು. ನಾವು ಊರು ಕಟ್ಟಬೇಕು, ದಂಡು ಕಟ್ಟಬೇಕು. ನಾವು ಯೋಚಿಸುತ್ತ ಕೂತರೆ ಹುಳುಗಳು ಕಾಯುವುದಿಲ್ಲ.

ಕಣ್ಣು ಹೋಗ್ಯಾವ

ಆಟ ಹಚ್ಚಿದೆ. ಪರದೆ ಪೂರ್ತಿ ಕಪ್ಪು. ಒಂದು ಮೂಲೆಯಲ್ಲಿ ಮಾತ್ರ ರೊಟ್ಟಿಯಷ್ಟು ಬೆಳಕು, ಅದರಲ್ಲಿ ನಾಲ್ಕು ಜನ ಸುಮ್ಮನೆ ನಿಂತಿದ್ದಾರೆ. ಮಾನಿಟರ್ ಕೆಟ್ಟೇ ಹೋಯಿತು ಅಂದುಕೊಂಡೆ. ಬೇರೆ ಏನಾದರೂ ತೆರೆದು ನೋಡಬೇಕೆಂಬ ಬುದ್ಧಿ ಹೆದರಿದವನಿಗೆ ಎಲ್ಲಿಂದ ಬರಬೇಕು? ಅದನ್ನು ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹುಮನಾಬಾದ್ ಬಸ್ಸಿನಲ್ಲಿ ಕೂತೆ.

"ಏನಾಗ್ಯಾದ್ರಿ ಅದಕ್ಕ?" ಅಂದ ಕಂಡಕ್ಟರ್.

"ಕಣ್ಣು ಹೋಗ್ಯಾವ," ಅಂದೆ.

ಹುಮನಾಬಾದಿನ ರಿಪೇರಿಯವನು ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದ. ಚಿತ್ರ ಕನ್ನಡಿಯ ಹಾಗೆ ಸ್ವಚ್ಛ. ನನ್ನ ಕಥೆ ಪೂರ್ತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ರೋಗ ಅಲ್ರಿ ಮಾಸ್ತರ, ಆಟನೇ ಹಂಗದ. ನಿಮ್ಮ ಮಂದಿ ಕಾಲಿಟ್ಟ ಕಡೆ ಅಷ್ಟೇ ಬೆಳಕು ಬೀಳ್ತದ. ಹೋಗಲಾರದ ಊರು ನಿಮಗ ಹ್ಯಾಂಗ ಕಾಣ್ತದ?"

ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಕಂಡಕ್ಟರ್. "ಕಣ್ಣು ಬಂದ್ವೇನ್ರಿ?"

"ಇದರ ಕಣ್ಣು ಛಲೋ ಅವಂತ್ರಿ," ಅಂದೆ. "ನನ್ನವೇ ತೋರಿಸ್ಕೊಂಡು ಹೊಂಟೇನಿ."

ನಾಯಿ ಎಲ್ಲದ?

ಖೋಲಿಗೆ ಬಂದವನೇ ಒಬ್ಬನನ್ನು ಆ ಕತ್ತಲೆಯೊಳಗೆ ಕಳಿಸಿದೆ. ಅವನು ನಡೆದಂತೆ ಗುಡ್ಡ ಎದ್ದಿತು, ಕಂದರ ಬಾಯಿ ತೆರೆಯಿತು, ನೀಲಿ ಹರಳುಗಳ ರಾಶಿ ಫಳಫಳ ಹೊಳೆಯಿತು. ನಾನು ಬಾಯಿ ಮುಚ್ಚುವುದನ್ನೇ ಮರೆತೆ. ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಇಷ್ಟೊಂದು ನೆಲ ಎಲ್ಲಿ ಅಡಗಿ ಕೂತಿತ್ತು? ಖರೇ ಹೇಳುತ್ತೇನೆ, ನನಗೆ ಕೈಮುಗಿಯಬೇಕೆನಿಸಿತು.

ಸಂತೆಯ ದಿನ ದುಬಲಗುಂಡಿಯ ಕುರಿಗಾಹಿಯೊಬ್ಬರು ಬಿಸಿಲು ತಾಳದೆ ನನ್ನ ಬಾಗಿಲ ನೆರಳಿಗೆ ಬಂದು ನಿಂತರು. ನಾನು ಆಟದಲ್ಲಿ ಮುಳುಗಿದ್ದೆ. ಸಿಪಾಯಿಗಳ ಸುತ್ತ ಒಂದು ಚೌಕ ಎಳೆದು, ದೂರದ ಗುಡ್ಡದ ಮೇಲೆ ಒತ್ತಿದೆ. ಅಷ್ಟೂ ಜನ ಒಮ್ಮೆಲೇ ತಿರುಗಿ ನಡೆದರು.

"ನಾಯಿ ಎಲ್ಲದ್ರಿ?" ಅಂದರು ಅವರು.

"ಯಾವ ನಾಯಿರಿ?"

"ಇಷ್ಟ್ ಮಂದಿನ್ನ ನಾಯಿ ಇಲ್ಲದ ಹ್ಯಾಂಗ ತಿರಗಸಾಕತ್ತೀರಿ? ಸೀಟಿ ಇಲ್ಲ, ಕೂಗು ಇಲ್ಲ."

ನಾನು ಕೈಯಲ್ಲಿದ್ದುದನ್ನು ತೋರಿಸಿ, ಇದಕ್ಕೆ ಮೌಸ್ ಅನ್ನುತ್ತಾರೆ, ಅಂದರೆ ಇಲಿ ಅಂತ ವಿವರಿಸಿದೆ. ಅವರು ಅದನ್ನೂ ಅದರ ಬಾಲವನ್ನೂ ಬಗ್ಗಿ ನೋಡಿದರು. ಮುಂದಿನ ಸಂತೆಗೆ ಆ ಕಡೆಯ ಜನ ಗುಂಪು ಕಟ್ಟಿಕೊಂಡು ನನ್ನನ್ನು ಹುಡುಕುತ್ತ ಬಂದರು. ಅವರ ಊರಲ್ಲಿ ಸುದ್ದಿಯಾಗಿತ್ತಂತೆ: "ಕಲ್ಯಾಣದಾಗ ಒಬ್ಬರು ಮಾಸ್ತರ ಅದಾರ. ಇಲಿ ಕೈಲೆ ಹಿಂಡು ಕಾಯಸ್ತಾರ!"

ಕರೆದರೆ ಓ ಅನ್ನುವವನು

ಆ ಗುಂಪು ಮತ್ತು ಆಟದ ಢಂ ಢಂ ಎರಡೂ ಸೇರಿ ಪಕ್ಕದ ಬಟ್ಟೆ ಅಂಗಡಿಯವನ ತಲೆ ಕೆಟ್ಟಿತು. "ಒಳಗ ಬಾಂಬ್ ಹಾರಸಾಕತ್ತಾರ" ಎಂದು ಕಾಕಾರ ಕಿವಿಗೆ ಹಾಕಿದ. ಕಾಕಾ ಕೋಲು ಊರಿಕೊಂಡು ಬಂದೇ ಬಿಟ್ಟರು. ಆಟ ಮುಚ್ಚಲೂ ಪುರಸೊತ್ತಾಗಲಿಲ್ಲ. ನನ್ನ ಕಣ್ಣಿಗೆ ಅಣ್ಣನ ತಕ್ಕಡಿ ಕಾಣತೊಡಗಿತು.

"ಏನಿದು?" ಕಾಕಾ ಕೋಲಿನಿಂದ ಪರದೆ ತೋರಿಸಿದರು. "ಯಾರಿಂವ?"

"ಕೆಲಸದಾಂವ್ರಿ ಕಾಕಾ," ಅಂದೆ. "ಅವನ ಮ್ಯಾಲ ಒತ್ತಿ ನೋಡ್ರಿ."

ಕಾಕಾ ಕೂತು ಒತ್ತಿದರು. ಒಳಗಿದ್ದವನು ಇಂಗ್ಲಿಷಿನಲ್ಲಿ ಏನಪ್ಪಣೆ ಎಂಬಂತೆ ಉತ್ತರ ಕೊಟ್ಟ. ಕಾಕಾ ಬೆಚ್ಚಿ ಕೈ ತೆಗೆದರು. ಮತ್ತೆ ಒತ್ತಿದರು, ಮತ್ತೆ ಉತ್ತರ ಬಂತು. ಅವರ ಮುಖ ಅರಳಿತು.

"ಕರದಷ್ಟೂ ಸಲ ಓ ಅಂತಾನಲ್ರಿ ಮಾಸ್ತರ! ನನ್ನ ಮಕ್ಕಳು ಊಟಕ್ಕ ಕರದ್ರೂ ಓ ಅನ್ನಂಗಿಲ್ಲ."

ಖುಷಿಗೆ ಒಂದೇ ಸಮ ಒತ್ತುತ್ತ ಹೋದರು. ಕೊನೆಗೆ ಒಳಗಿನವನಿಗೆ ರೇಗಿತು, ಸಿಡುಕಿ ಏನೋ ಒದರಿದ. ನಾನು ಹೆದರಿದೆ. ಕಾಕಾ ಮಾತ್ರ ಸಮಾಧಾನದಿಂದ ತಲೆಯಾಡಿಸಿದರು.

"ಹಾಂ, ಈಗ ನಮ್ಮನಿ ಹುಡುಗ ಆದ ನೋಡ್ರಿ."

ದಾಸೋಹ

ಕೆಲಸದವರು ಹರಳು ಒಡೆದು, ಹೊತ್ತು ತಂದು, ಇಳಿಸಿ, ತಿರುಗಿ ಹೋಗುತ್ತಿದ್ದರು. ಕಾಕಾ ರೆಪ್ಪೆ ಬಡಿಯದೆ ನೋಡಿದರು. "ಇವರಿಗೆ ಬ್ಯಾಸರ ಆಗಂಗಿಲ್ಲೇನು?"

"ಇಲ್ರಿ."

"ಕಾಯಕ," ಅಂದರು ಕಾಕಾ, ಬಹಳ ಮೆಲ್ಲಗೆ. ನಮ್ಮೂರಿನ ಎಷ್ಟೋ ಗೋಡೆಗಳ ಮೇಲೆ ಬರೆದಿರುವ ಮಾತು ಅದು. ಆಗ ಮಾತ್ರ ನನಗೂ ಮೈ ಜುಮ್ಮೆಂದಿತು.

ಇನ್ನಷ್ಟು ಜನರನ್ನು ಕರೆಯಲು ಹೋದರೆ ಆಟ ಬೇಡ ಅಂದಿತು. ನಾನು ಓದಿ ಹೇಳಿದೆ: "ಮೊದಲ ಉಣ್ಣಾಕ ಕಾಳುಕಡಿ ಇಡೋ ಮನಿ ಕಟ್ಟಬೇಕಂತ್ರಿ. ಆಮ್ಯಾಲ ಹೊಸಬರು."

ಕಾಕಾ ನೆಟ್ಟಗೆ ಕೂತರು. "ದಾಸೋಹದ ಮನಿ! ಈ ಆಟ ಮಾಡಿದಾಂವ ನಮ್ಮ ಕಡೆಯಾಂವನೇ ಇರಬೇಕು."

ಅಲ್ಲಿಂದ ಮುಂದೆ ಕಾಕಾ ಕಟ್ಟಿಸಿದ್ದೆಲ್ಲ ದಾಸೋಹದ ಮನೆಗಳೇ. ಜರಾ ದಂಡೂ ಕಟ್ಟೋಣ ಎಂದು ಅಂಗಲಾಚಿದೆ. "ಮೊದಲ ಊಟ," ಅಂದರು. ಅಷ್ಟರಲ್ಲಿ ಕತ್ತಲೆಯಿಂದ ಹುಳುಗಳು ಹೊರಬಿದ್ದವು.

"ಕಾಕಾ, ಬಂದ್ವು!"

"ಬರಲಿ. ಬಂದವರಿಗೆ ಯಾರು ನೀವು ಅಂತ ಕೇಳಬಾರದು. ಕುಂದರಸಿ ನೀಡಬೇಕು."

ಹುಳುಗಳು ಕೂರಲಿಲ್ಲ. ನೋಡುನೋಡುತ್ತ ದಾಸೋಹದ ಮನೆಗಳೆಲ್ಲ ಹೊತ್ತಿ ಉರಿದು ಬೂದಿಯಾದವು. ಕಾಕಾ ಇಲಿಯ ಮೇಲಿಂದ ಕೈ ತೆಗೆದರು.

"ಉಂಡು ಹೋಗ್ರಿ ಅಂದ್ರ, ಮನಿನೇ ಉಂಡು ಹೋದ್ವಲ್ರಿ."

ಎದ್ದು ಹೊರಟರು. ಖೋಲಿಯ ಬಗ್ಗೆ ಚಕಾರ ಎತ್ತಲಿಲ್ಲ. ಹಾಗೆ ಸುಮ್ಮನೆ ಹೋದದ್ದೇ ನನ್ನ ಜೀವ ಹಿಂಡಿತು.

ಮರುದಿನ ಮುಂಜಾನೆ ನೋಡಿದರೆ ಕಾಕಾ ಖೋಲಿಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಸಾಮಾನು ಹೊರಗಿಡಿಸಲು ಬಂದಿದ್ದಾರೆ ಅಂದುಕೊಂಡು ಶಟರ್ ಎತ್ತಿದೆ. ಅವರು ಸೀದಾ ಕುರ್ಚಿಯಲ್ಲಿ ಕೂತರು.

"ಹಚ್ರಿ. ದಾಸೋಹ ಹಿಂದ, ಕಾವಲು ಮುಂದ."

ಮಧ್ಯಾಹ್ನದ ಹೊತ್ತಿಗೆ ನಮ್ಮ ತೋಪುಗಳ ಸದ್ದಿಗೆ ಬಜಾರೇ ಅದುರುತ್ತಿತ್ತು. ಬಟ್ಟೆ ಅಂಗಡಿಯವನು ಬಾಗಿಲಲ್ಲಿ ಇಣುಕಿದ. "ಕಾಕಾ, ಖಾಲಿ ಮಾಡಸ್ತೀನಿ ಅಂದಿದ್ರಲ್ಲ?"

ಕಾಕಾ ಪರದೆಯಿಂದ ಕಣ್ಣು ಕೀಳಲಿಲ್ಲ.

"ಅದನ್ನೇ ಮಾಡಾಕತ್ತೇನಿ, ತಡಿ. ಮೂಡಲ ಮೂಲ್ಯಾಗ ಇನ್ನೊಂದಿಷ್ಟು ಹುಳ ಉಳದಾವ."