ಮೂಲೆ ಬದಲಿಸಿದ ಉಯ್ಯಾಲೆ

ಕಿರ್ರ್.

ನಡುರಾತ್ರಿಯಲ್ಲಿ ಔಷಧಿ ಅಕ್ಕ ಕಣ್ಣು ಬಿಟ್ಟಳು. ಪೇಟೆಯ ನಡುವೆ ಹೊಸದಾಗಿ ಎದ್ದ ಆ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಎದುರು ರಸ್ತೆಯ ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಸ್ವಲ್ಪ ಬಿಟ್ಟು ಇನ್ನೊಂದು ಕಿರ್ರ್. ಅನುಮಾನವೇ ಇಲ್ಲ, ಉಯ್ಯಾಲೆ.

ಕಟ್ಟಡ ಮುಗಿದಿತ್ತು, ಅಂಗಳ ಮುಗಿದಿರಲಿಲ್ಲ. ಎಲ್ಲಿ ಏನಿರಬೇಕೆಂದು ಜನರೇ ನೋಡಿ ಹೇಳಲಿ ಎಂದು ಬಿಲ್ಡರ್ ಕಡೆಯವರು ಅಂಗಳದ ತುಂಬ ಗೂಟ ನೆಟ್ಟು ತಗಡಿನ ಫಲಕ ತೂಗುಹಾಕಿದ್ದರು: ಇಲ್ಲಿ ಕಸದ ತೊಟ್ಟಿ, ಇಲ್ಲಿ ಬೆಂಚು, ಇಲ್ಲಿ ಜನರೇಟರ್. ಉಯ್ಯಾಲೆಯನ್ನು ಮಾತ್ರ ಫಲಕದ ಬದಲು ನಿಜವಾಗಿಯೇ ತಂದು ನಿಲ್ಲಿಸಿದ್ದರು, ಮೊದಲನೇ ಮಹಡಿಯ ಔಷಧಿ ಅಕ್ಕನ ಮಲಗುವ ಕೋಣೆಯ ಕೆಳಗೇ.

ಅಂದಿನಿಂದ ಅವಳ ನಿದ್ದೆ ಹಾರಿಹೋಗಿತ್ತು. ರಾತ್ರಿ ಹೊತ್ತು ಯಾರಾದರೂ ಆಡಿದರೆ ಹಿಡಿಯಲೇಬೇಕೆಂದು, ಮೊದಲ ರಾತ್ರಿಯಿಂದಲೇ, ಅಲ್ಲಿಯವರೆಗೆ ಭದ್ರವಾಗಿ ಮುಚ್ಚಿರುತ್ತಿದ್ದ ಕಿಟಕಿಯನ್ನು ಒಂದು ಗೇಣು ತೆರೆದಿಟ್ಟು ಮಲಗತೊಡಗಿದಳು. ಸದ್ದು ಬಂದದ್ದೇ ತಡ, ಎದ್ದು ಕಿಟಕಿಯನ್ನು ಗೋಡೆಗೆ ತಾಗುವಂತೆ ತಳ್ಳಿ ಬಗ್ಗಿ ನೋಡುವಳು. ಅಷ್ಟರಲ್ಲಿ ಸದ್ದು ನಿಂತಿರುತ್ತಿತ್ತು. ಕೆಳಗೆ ಯಾರೂ ಇಲ್ಲ. ಉಯ್ಯಾಲೆ ತರಗತಿಗೆ ಮೇಷ್ಟ್ರು ಬಂದಾಗಿನ ತುಂಟನ ಹಾಗೆ ಕೈಕಟ್ಟಿ ನಿಂತಿರುತ್ತಿತ್ತು.

“ಗಾಳಿ ಇರ್ಬೇಕು, ಮಲ್ಕೊಳ್ಳೇ,” ಎಂದ ಗಂಡ, ಮಗ್ಗುಲು ಬದಲಿಸುತ್ತ.

“ಗಾಳಿಗೆ ನನ್ನ ಕಂಡ್ರೆ ಭಯಾನಾ, ನಾನು ಎದ್ದ ತಕ್ಷಣ ನಿಂತ್ಹೋಗೋದಕ್ಕೆ?”

ಗಂಡ ಆಗಲೇ ಗೊರಕೆ ಹೊಡೆಯುತ್ತಿದ್ದ.

ಅವಳಿಗೆ ಇದು ತಮಾಷೆಯಾಗಿರಲಿಲ್ಲ. ಹಿಂದಿನ ದಿನ ನಿದ್ದೆಗಣ್ಣಿನಲ್ಲಿ, ಕಣ್ಣಿನ ಹನಿ ಕೇಳಿದವರಿಗೆ ಕಿವಿಯ ಹನಿ ಕೊಟ್ಟು ಕಳಿಸಿದ್ದಳು. ಅಂಗಡಿಯ ಯಜಮಾನರೇ ಬೀದಿಗೆ ಓಡಿ ವಾಪಸು ತಂದು, ಇನ್ನೊಂದು ಸಲ ಹೀಗಾದರೆ ಬೇರೆ ಅಂಗಡಿ ನೋಡಿಕೊಳ್ಳಿ ಎಂದು ಮೆತ್ತಗೆ ಹೇಳಿದ್ದರು. ಅವರು ಕಿರುಚಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಬೆಳಗಾದರೆ ಭಾನುವಾರ. ಗೂಟಗಳ ಜಾಗ ಅಂತಿಮವಾಗುವ ದಿನ. ಸಂಜೆ ಕಾಂಕ್ರೀಟ್ ಬಿದ್ದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಅಲ್ಲಾಡಿಸುವಂತಿಲ್ಲ. ಅವಳು ತಲೆ ಬಾಚಿ, ಸೆರಗು ಸಿಕ್ಕಿಸಿಕೊಂಡು, ಯುದ್ಧಕ್ಕೆ ಹೊರಟವಳಂತೆ ಮೆಟ್ಟಿಲಿಳಿದಳು.

ಅಂಗಳದಲ್ಲಿ ಆರ್ಕಿಟೆಕ್ಟ್ ಹುಡುಗಿ ಹಳದಿ ಟೋಪಿ ಹಾಕಿಕೊಂಡು ನಿಂತಿದ್ದಳು. ಒಂದು ಗೂಟ ಕೀಳಬೇಕಾದರೂ ಅಸೋಸಿಯೇಷನ್ನಿನ ಮೂವರೂ ಒಪ್ಪಬೇಕು, ತನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಆ ಮೂವರೆಂದರೆ ಸೆಕ್ರೆಟರಿ, ನಿವೃತ್ತ ಡ್ರಿಲ್ ಮೇಷ್ಟ್ರು, ಮತ್ತು ಎರಡು ನಾಯಿ ಸಾಕಿದ್ದ ನಾಯಿಯಮ್ಮ. ಯಾರ ಮನೆಯ ಸಾರು ಉಕ್ಕಿದರೂ ಮೂವರೂ ಮೂಗು ತೂರಿಸುವವರು.

ಮೊದಲು ಸಿಕ್ಕವರು ನಾಯಿಯಮ್ಮ. ಉಯ್ಯಾಲೆ ಆಚೆ ಮೂಲೆಗೆ ಹೋಗಲಿ, ತನ್ನ ಅಡ್ಡಿಯಿಲ್ಲ ಎಂದರು. ಆದರೆ ಕಸದ ತೊಟ್ಟಿಯ ಗೂಟ ಅವರ ಬಾಗಿಲೆದುರಿಗಿತ್ತು; ವಾಸನೆಗೆ ನಾಯಿಗಳು ಊಟ ಬಿಡುತ್ತವಂತೆ.

“ಉಯ್ಯಾಲೆ ಜಾಗ ಖಾಲಿಯಾಗತ್ತಲ್ಲಮ್ಮ, ಅಲ್ಲಿ ಇಟ್ರಾಯ್ತು. ತೊಟ್ಟಿಯೇನು ಸದ್ದು ಮಾಡತ್ತಾ?”

ಔಷಧಿ ಅಕ್ಕ ಯೋಚಿಸಿದಳು. ತೊಟ್ಟಿ ಸದ್ದು ಮಾಡುವುದಿಲ್ಲ, ನಿಜ. ಒಪ್ಪಿದಳು.

ಮೇಷ್ಟ್ರು ಬಸ್ಕಿ ಹೊಡೆಯುತ್ತಲೇ ಮನವಿ ಕೇಳಿಸಿಕೊಂಡರು. ಅವರ ವ್ಯಾಯಾಮದ ಕಟ್ಟೆಗೆ ನಲ್ಲಿಯ ಪಕ್ಕದ ಜಾಗ ಬೇಕಿತ್ತು. ನಲ್ಲಿ ಇದ್ದದ್ದು ಅದೇ ಕಿಟಕಿಯ ಕೆಳಗೆ.

“ಬೆಳಗಿನ ಜಾವ ಒಂದಿಷ್ಟು ಜನ, ಒಂದು ಸೀಟಿ, ಅಷ್ಟೇ. ನೀವೂ ಹೇಗೂ ಬೇಗ ಏಳೋರು.”

“ರಾತ್ರಿ ಇಲ್ವಲ್ಲ ಮೇಷ್ಟ್ರೇ?”

“ರಾತ್ರಿ ನಾನು ಮನುಷ್ಯ ಕಣಮ್ಮ, ಮಲಗ್ತೀನಿ.”

ಅದಕ್ಕೂ ಒಪ್ಪಿದಳು. ಉಳಿದವರು ಸೆಕ್ರೆಟರಿ. ಎಲ್ಲರ ಹಿತ ನೋಡುವುದು ತನ್ನ ಧರ್ಮ ಎಂದು ಅವರು ಬಹಳ ಹೊತ್ತು ವಿವರಿಸಿ, ಕೊನೆಗೆ ತನ್ನ ಮಲಗುವ ಕೋಣೆಯ ಹಿಂದಿನ ಜನರೇಟರಿನ ಗೂಟದ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟರು. ಕರೆಂಟು ಹೋದಾಗ ಮಾತ್ರ ಓಡುವ ಬಡಪಾಯಿ ಯಂತ್ರ, ಎಲ್ಲಿಟ್ಟರೇನು ಎಂದರು.

ಅಷ್ಟು ಹೊತ್ತಿಗೆ ಗಂಡ ಟವೆಲ್ ಹೆಗಲಿಗೆ ಹಾಕಿಕೊಂಡು ಕೆಳಗೆ ಬಂದಿದ್ದ. “ಇಷ್ಟೆಲ್ಲ ತಲೆ ಮೇಲೆ ಎಳ್ಕೊಳ್ಳೋದು ಬೇಕಾ?” ಎಂದು ಕಿವಿಯಲ್ಲಿ ಉಸುರಿದ.

“ರೀ, ಗುಡುಗಿದ್ರೂ ನಿದ್ದೆ ಮಾಡೋಳು ನಾನು. ಆ ಕಿರ್ರ್ ಒಂದು ಇರಬಾರ್ದು. ನನ್ನ ಹಣೇಲಿ ಉಯ್ಯಾಲೆ ಅಂತ ಬರೆದಿದ್ರೆ ಇವತ್ತು ಅಳಿಸೇ ಬಿಡ್ತೀನಿ.”

ಹೀಗೆಂದವಳೇ, ಯಾರ ಸಹಾಯಕ್ಕೂ ಕಾಯದೆ, ಜನರೇಟರಿನ ಗೂಟವನ್ನು ಎರಡೂ ಕೈಯಿಂದ ಕಿತ್ತು, ಗದೆಯಂತೆ ಹೆಗಲ ಮೇಲಿಟ್ಟು ಅಂಗಳ ದಾಟಿ, ತನ್ನ ಕಿಟಕಿಯ ಕೆಳಗೆ ನೆಟ್ಟಳು. ಮೂವರೂ ಒಪ್ಪಿಗೆಯ ಕೈ ಎತ್ತಿದರು. ಆರ್ಕಿಟೆಕ್ಟ್ ಮಾತ್ರ ಹತ್ತಿರ ಬಂದು, ನೀವು ಖಂಡಿತವಾಗಿ ಇದನ್ನೇ ಬಯಸುತ್ತೀರಾ ಎಂದು ಮತ್ತೆ ಮತ್ತೆ ಕೇಳಿದಳು.

“ಖಂಡಿತ,” ಎಂದಳು ಔಷಧಿ ಅಕ್ಕ. “ಬೇಕಾದ್ರೆ ಇನ್ನೊಂದು ತೊಟ್ಟಿ ಇಡಿ.”

ಇಟ್ಟರು.

ಸಂಜೆಗೆ ಕಾಂಕ್ರೀಟ್ ಬಿತ್ತು; ತೊಟ್ಟಿಗಳೂ ಜನರೇಟರೂ ಬಂದಿಳಿದು, ಅದು ಒಣಗುವವರೆಗೆ ಪಕ್ಕದಲ್ಲೇ ನಿಂತವು. ಕೆಲಸದವರು ಉಯ್ಯಾಲೆಯನ್ನು ಬಿಚ್ಚಿ, ಆಚೆ ಮೂಲೆಯಲ್ಲಿ ಕಾಲು ಮೇಲೆ ಮಾಡಿ ಮಲಗಿಸಿದ್ದರು, ಸತ್ತ ಜಿರಳೆಯ ಹಾಗೆ. ಅವಳು ಆ ದೃಶ್ಯವನ್ನು ಕಣ್ತುಂಬ ನೋಡಿ, ಅಭ್ಯಾಸದಂತೆ ಕಿಟಕಿಯನ್ನು ಒಂದು ಗೇಣು ತೆರೆದಿಟ್ಟು ಹಾಸಿಗೆಯ ಮೇಲೆ ಕೂತಳು. ಸಂಜೆಯ ಗಾಳಿ ಮೆಲ್ಲಗೆ ಬೀಸಿತು.

ಕಿರ್ರ್.

ಅವಳು ಕತ್ತು ಚಾಚಿ ಆಚೆ ಮೂಲೆಯತ್ತ ನೋಡಿದಳು. ಉಯ್ಯಾಲೆ ಬಿದ್ದಲ್ಲೇ ಬಿದ್ದಿತ್ತು. ಮತ್ತೆ ಗಾಳಿ, ಮತ್ತೆ ಕಿರ್ರ್. ಮೆಲ್ಲಗೆ ಎದ್ದು ಹೋಗಿ ಕಿಟಕಿಯ ಬಾಗಿಲಿನ ಮೇಲೆ ಬೆರಳಿಟ್ಟಳು. ಸದ್ದು ನಿಂತಿತು. ಬೆರಳು ತೆಗೆದಳು. ಕಿರ್ರ್, ಎಂದಿತು ಕಿಟಕಿಯ ಮೇಲಿನ ಕೀಲು. ಆಡುವವರನ್ನು ಹಿಡಿಯಲು ಅವಳು ತೆರೆದಿಟ್ಟಿದ್ದ ಕಿಟಕಿ, ಪ್ರತಿ ರಾತ್ರಿ ಅವಳನ್ನೇ ಹಿಡಿದಿತ್ತು.

ಕೆಳಗಿಂದ ಸೀಟಿ ಕೇಳಿತು. ಮೇಷ್ಟ್ರು ಬೆಳಗಿನವರೆಗೆ ಕಾಯಲಾರದೆ ಹಸಿ ಕಟ್ಟೆಯ ಪಕ್ಕದಲ್ಲೇ ತಾಲೀಮು ಆರಂಭಿಸಿದ್ದರು. ಸೀಟಿಗೆ ಎರಡೂ ನಾಯಿಗಳು ಬೊಗಳಿದವು. ಸೆಕ್ರೆಟರಿ ಪರೀಕ್ಷೆಗೆಂದು ಜನರೇಟರ್ ಚಾಲೂ ಮಾಡಿಸಿದರು. ಕೋಣೆಯ ಕಪಾಟಿನೊಳಗಿನ ಪಾತ್ರೆಗಳೆಲ್ಲ ಒಟ್ಟಿಗೆ ನಡುಗಿದವು.

ಗಂಡ ಬಾಗಿಲಲ್ಲಿ ನಿಂತು, ಯಂತ್ರದ ಗುಡುಗಿಗಿಂತ ಗಟ್ಟಿಯಾಗಿ ಕೇಳಿದ: “ಈಗ ಸಮಾಧಾನಾನಾ? ಉಯ್ಯಾಲೆ ಹೋಯ್ತಲ್ಲ.”

ಅವಳು ಕಿಟಕಿಯನ್ನು ಎಳೆದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಬಹಳ,” ಎಂದಳು, ಗಲ್ಲ ಎತ್ತಿ. “ನಾಳೆ ಅಂಗಡಿಯಿಂದ ಕಿವಿಗೆ ಇಡೋಕೆ ಹತ್ತಿ ತರ್ತೀನಿ, ನಿಮಗೂ.”

ಅವನು ಅತ್ತ ಹೋದ ಮೇಲೆ ಚಿಲಕ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ತಂದು ಕೀಲಿಗೆ ಬಿಟ್ಟಳು, ಒರೆಸಿದಳು, ಒರೆಸಿದ ಬಟ್ಟೆಯನ್ನು ಕಸದ ತೊಟ್ಟಿಗೆ ಹಾಕಲು ಕೆಳಗೆ ಇಳಿಯಬೇಕಾಗಲಿಲ್ಲ. ಕಿಟಕಿಯಿಂದಲೇ ಕೈಬಿಟ್ಟರೆ ಸಾಕಾಯಿತು. ಸೆಕ್ರೆಟರಿಗೆ ಹೇಳುವುದಿಲ್ಲ, ಗಂಡನಿಗಂತೂ ಇಲ್ಲ. ಈ ಕೀಲಿನ ವಿಷಯ ಯಾರಿಗೂ, ಎಂದೆಂದಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲೇ ನಿಂತು ನಿರ್ಧರಿಸಿದಳು.